ನಡಿಗೆ ನೋಡುತ್ತಿದ್ದ ಚಾಚಾ

ಚಾಚಾ ಅವರ ಕುತ್ತಿಗೆಯ ಹಿಂದೆ, ಶರ್ಟಿನ ಕಾಲರಿಗೆ ಸ್ವಲ್ಪ ಮೇಲೆ, ಬೆರಳಗಲದ ಒಂದು ಬಿಳಿಚಿದ ಗೆರೆ ಇತ್ತು. ನಮ್ಮೂರ ಬಿಸಿಲಿಗೆ ಉಳಿದ ಮೈಯೆಲ್ಲ ಸುಟ್ಟು ಕಪ್ಪಾಗಿದ್ದರೂ ಅಷ್ಟು ಜಾಗ ಮಾತ್ರ ಮಗುವಿನ ಚರ್ಮದ ಹಾಗೆ ಉಳಿದುಬಿಟ್ಟಿತ್ತು. ದುರ್ಬೀನಿನ ಪಟ್ಟಿ ಕೂತು ಕೂತು ಆದ ಗುರುತು ಅದು. ಹೈದರಾಬಾದಿನ ರೇಸ್ ಮೈದಾನದ ಕಟಕಟೆಗೆ ಎದೆ ಹಚ್ಚಿ ನಿಂತು ಅವರು ಆ ದುರ್ಬೀನಿನಲ್ಲಿ ನೋಡುತ್ತಿದ್ದದ್ದು ಕುದುರೆಯ ಕಾಲನ್ನು. ಅದರ ಬಣ್ಣ, ಜೂಲು, ಮೇಲೆ ಕೂತ ಜಾಕಿಯ ಹೆಸರು ಯಾವುದೂ ಅವರಿಗೆ ಲೆಕ್ಕಕ್ಕಿರಲಿಲ್ಲ. ಮನುಷ್ಯರು ಎದುರಿಗೆ ಬಂದರೂ ಅಷ್ಟೇ. ಮೊದಲು ಕಾಲು ನೋಡುತ್ತಿದ್ದರು, ಮುಖ ಆಮೇಲೆ.

ಅವರು ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆಯ ಮಾಲೀಕರು. ಕೆಳಗೆ ಅವರು ಮತ್ತು ಚಾಚಿ, ಮೇಲೆ ನಾನು ಮತ್ತು ನನ್ನ ಅವ್ವ. ಆ ಮನೆ ಸಿಗುವ ಮೊದಲು ಮನೆ ಹುಡುಕಿ ಹುಡುಕಿ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಗಂಡನ ಮನೆ ಬಿಟ್ಟು ಬಂದ ಶಾಲೆ ಟೀಚರು, ಜೊತೆಗೆ ಮೊಣಕಾಲು ನೋವಿನ ತಾಯಿ. ಬಾಗಿಲು ತೆರೆದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಯಜಮಾನ್ರು ಏನ್ ಮಾಡ್ತಾರ್ರಿ?" ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಒಬ್ಬರು ನಾವು ವೈಷ್ಣವರು ಎಂದು ತಿಳಿದು ನಕ್ಕು ನೀರು ಕೊಟ್ಟರು, ಯಜಮಾನರೇ ಇಲ್ಲ ಎಂದು ತಿಳಿದು ಲೋಟ ವಾಪಸು ತೆಗೆದುಕೊಂಡರು. ನೀರು ಇನ್ನೂ ಅರ್ಧ ಉಳಿದಿತ್ತು.

ಚಾಚಾ ಏನೂ ಕೇಳಲಿಲ್ಲ. "ಮ್ಯಾಲ ಹೋಗಿ ನೋಡಿ ಬರ್ರಿ" ಅಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾವು ಹತ್ತಿ ಇಳಿದು ಬರುವಷ್ಟರಲ್ಲಿ ಕೀಲಿಕೈ ಹಿಡಿದು ಎದ್ದು ನಿಂತಿದ್ದರು. ಯಾಕೆ ಕೊಟ್ಟಿರಿ ಎಂದು ನಾನು ಕೇಳಿದ್ದು ಎಷ್ಟೋ ತಿಂಗಳಾದ ಮೇಲೆ.

"ನಿಮ್ಮ ಅವ್ವ ಮೆಟ್ಲ ಹತ್ತುವಾಗ ನೀನು ಆಕಿ ಹಿಂದಿದ್ದಿ. ಇಳಿಯುವಾಗ ಮುಂದ ಬಂದಿ. ಬಿದ್ರ ನಿನ್ನ ಮ್ಯಾಲ ಬೀಳ್ಲಿ ಅಂತ. ಅಷ್ಟು ನೋಡಿದ ಮ್ಯಾಲ ಮತ್ತೇನು ಕೇಳೂದದ ಬೇಟಿ?"

ಹಾಗೆ ಹಿಂದೆ ಮುಂದೆ ಆಗುತ್ತಿದ್ದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಅವತ್ತು ಮೇಲೆ ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನನ್ನನ್ನು ನೋಡಿ ಒಳ್ಳೆಯ ತೀರ್ಮಾನಕ್ಕೆ ಬಂದವರು ಆ ಕಾಲದಲ್ಲಿ ಬಹಳ ಜನ ಇರಲಿಲ್ಲ.

ಚಾಚಾರ ತಂದೆ ಸ್ಟೇಷನ್ನಿನಿಂದ ಊರೊಳಕ್ಕೆ ಟಾಂಗಾ ಹೊಡೆಯುತ್ತಿದ್ದವರು. ಕುದುರೆಯ ಲದ್ದಿಯ ವಾಸನೆಯಲ್ಲೇ ಬೆಳೆದ ಮಗ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿ ಅಲ್ಲೇ ನಿವೃತ್ತನಾದರೂ ಕುದುರೆಯ ಗೀಳು ಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಹೈದರಾಬಾದಿಗೆ ಹೋದವರು, ಮಾವ ಕೊಟ್ಟಿದ್ದ ಕೈಗಡಿಯಾರವನ್ನೂ ಮಾರಿ ರೇಸಿಗೆ ಹಾಕಿ ಬರಿಗೈಲಿ ಬಂದರಂತೆ. ಚಾಚಿ ಜಗಳ ಮಾಡಲಿಲ್ಲ. ತನ್ನ ಟ್ರಂಕನ್ನು ಎಳೆದು ತಂದು ಬಾಗಿಲಲ್ಲಿಟ್ಟು, ಅದರ ಮೇಲೆ ಕೂತು, ಕಮಲಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರಂತೆ. ಕಮಲಾಪುರ ಅವರ ತವರು. ಅಲ್ಲಿ ತಮ್ಮಂದಿರ ಕೆಂಪು ಬಾಳೆಯ ತೋಟ ಇದೆ. ಚಾಚಾ ನಿಂತ ಕಾಲ ಮೇಲೆ ಆಣೆ ಇಟ್ಟು ಕಸಮ್ ತಿಂದರು: ಇನ್ನು ಜೀವ ಇರುವ ತನಕ ಯಾವ ಕುದುರೆಯ ಮೇಲೂ ಏನೂ ಹಾಕುವುದಿಲ್ಲ.

ಈ ಕಥೆಯನ್ನು ಚಾಚಿ ಪ್ರತಿ ಸಲ ಒಂದೇ ರೀತಿ ಮುಗಿಸುತ್ತಿದ್ದರು. "ನೋಡಬ್ಯಾಡ್ರಿ ಅಂದಿಲ್ಲ ನಾ. ಹಾಕಬ್ಯಾಡ್ರಿ ಅಂದೀನಿ. ನೋಡಿದ್ರ ಯಾರ ಮನಿ ಹಾಳಾಗ್ತದ?"

ಹಾಗಾಗಿ ಚಾಚಾ ಬರೀ ನೋಡಿದರು. ಸೀಸನ್ನಿನಲ್ಲಿ ರೈಲು ಹತ್ತಿ ಹೋಗಿ ನೋಡುತ್ತಿದ್ದರು, ಈಚೆಗೆ ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಯಾರೂ ಕಣ್ಣೆತ್ತಿ ನೋಡದ ಕುದುರೆಯನ್ನು ಮೊದಲೇ ಹೆಸರಿಸಿ, ಅದು ಗೆದ್ದರೆ ಚಾಚಿಯ ಕೈಯ ಒಂದು ಕಪ್ ಚಹಾ ಹೆಚ್ಚಿಗೆ ಕುಡಿಯುತ್ತಿದ್ದರು. ಅವರ ಗೆಲುವು ಅಷ್ಟೇ. ಊರಲ್ಲಿ ಕದ್ದು ಬಾಜಿ ಕಟ್ಟುವ ಮಂದಿಗೆ ಇದು ಗೊತ್ತಾಗಿ, ಗೇಟಿನ ಹತ್ತಿರ ಗಾಡಿ ನಿಲ್ಲಿಸಿ "ಚಾಚಾ, ಇವತ್ತು ಯಾವುದ್ರಿ?" ಎಂದು ಹಲ್ಲು ಕಿರಿಯುತ್ತಿದ್ದರು. ಚಾಚಾ ಅವರ ಚಪ್ಪಲಿ ನೋಡುತ್ತಲೇ "ನಕ್ಕೋ, ಬ್ಯಾಡ, ಹಾಕವರಿಗೆ ಹೇಳಂಗಿಲ್ಲ" ಎಂದು ಒಳಗೆ ಹೋಗುತ್ತಿದ್ದರು.

"ಯಾಕ್ರಿ ಚಾಚಾ, ಹೇಳಿದ್ರ ನಿಮ್ಮ ಗಂಟೇನು ಹೋಗ್ತದ?" ಎಂದು ನಾನೊಮ್ಮೆ ಕೆಣಕಿದೆ.

"ಹಾಕಿದವನ ಕಣ್ಣ ಅವನ ಮಾತ ಕೇಳಂಗಿಲ್ಲ ಬೇಟಿ. ತನಗ ಬೇಕಾದ್ದೇ ಕಾಣ್ತದ ಅವನಿಗೆ. ನಾ ಹೇಳಿದ್ದು ಎಲ್ಲಿ ಕೇಳ್ತದ?"

ನಾನು ಹಾಕುವ ಪೈಕಿ ಅಲ್ಲ ಎಂದೋ ಏನೋ, ನನಗೆ ಹೇಳುತ್ತಿದ್ದರು. ಹ್ಯಾಂಡಿಕ್ಯಾಪ್ ರೇಸು ಅಂದರೆ ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ಸೋಲುತ್ತ ಬಂದದ್ದಕ್ಕೆ ಕಡಿಮೆ, ಎಲ್ಲ ಒಟ್ಟಿಗೇ ಗುರಿ ಮುಟ್ಟಲಿ ಎಂದು. "ನಮ್ಮ ಸಾಲ್ಯಾಗೂ ಹಂಗೇ ರೀ, ಮಾಡವರ ತಲಿಗೇ ಎಲ್ಲಾ ಕಟ್ತಾರ" ಅಂದರೆ ಹೊಟ್ಟೆ ಕುಣಿಸಿ ನಗುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಸೋತ ಕುದುರೆಗಳ ಮೇಲೆ. "ಸೋತದ್ದು ಎಲ್ಲಾರಿಗೂ ಕಾಣ್ತದ. ಯಾಕ ಸೋತದ ಅಂತ ಒಬ್ಬರೂ ಕೇಳಂಗಿಲ್ಲ" ಅನ್ನುತ್ತಿದ್ದರು. ಹೋದ ಸಲ ಹೊರಗಿನ ಅಂಚಿನಿಂದ ಓಡಬೇಕಾಗಿ ಬಂದಿತ್ತೇ, ಕೆಸರಲ್ಲಿ ಹೆಜ್ಜೆ ಜಾರಿತ್ತೇ, ಕಾಲಿನ ಹಳೇ ಪೆಟ್ಟು ಮಾಯುತ್ತಿದೆಯೇ ಎಂದು ಅವರು ಮಾತ್ರ ಕೇಳಿಕೊಳ್ಳುತ್ತಿದ್ದರು.

ಒಂದು ಮಳೆಗಾಲ ನಾನೂ ಅವರ ಜೊತೆ ಹೈದರಾಬಾದಿಗೆ ಹೋದೆ. "ಹೋಗಿ ಬಾ, ಇವರ ಕಿಸೆ ಮ್ಯಾಲ ಒಂದು ಕಣ್ಣಿಡು" ಎಂದು ಚಾಚಿ ನನ್ನ ಕೈಗೆ ರೊಟ್ಟಿಯ ಗಂಟು ಕೊಟ್ಟು ಕಳಿಸಿದರು. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ನಡೆಸುವ ಜಾಗದಲ್ಲಿ ಚಾಚಾ ಒಂದು ಕಂದು ಹೆಣ್ಣು ಕುದುರೆಯನ್ನು ತೋರಿಸಿದರು. ತಲೆ ತಗ್ಗಿಸಿಕೊಂಡು, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಹೆಂಗಸಿನ ಹಾಗೆ ನಡೆಯುತ್ತಿತ್ತು ಅದು. ಬಾಜಿಯ ದರ ಬರೆಯುವ ಹಲಗೆಯ ಮೇಲೆ ಎಲ್ಲಕ್ಕಿಂತ ಕೆಳಗೆ ಅದರ ಹೆಸರು.

"ಹೋದ ಸಲ ನೋಡಿದಾಗ ಮುಂಗಾಲಿಗೆ ಪಟ್ಟಿ ಕಟ್ಟಿದ್ರು. ಹೆಜ್ಜಿ ಇಡುವಾಗ ನೆಲಕ್ಕ ಕೇಳ್ತಿತ್ತು, ಇಡ್ಲೋ ಬ್ಯಾಡೋ ಅಂತ. ಇವತ್ತು ಕೇಳವಲ್ದು ನೋಡು."

ಆ ಕುದುರೆ ಗೆದ್ದಿತು. ಕೊನೆಯ ತಿರುವಿನಲ್ಲಿ ಹೊರಗಿನಿಂದ ಬಂದು, ಒಂದೊಂದನ್ನೇ ಹಿಂದೆ ಹಾಕುತ್ತ ಬಂದಾಗ ನಾನು ಕುಣಿದು ಕಿರುಚಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಚಾಚಾ ದುರ್ಬೀನು ಇಳಿಸಿ ಕಣ್ಣು ಒರೆಸಿಕೊಂಡರು. ಹಾಕಿದ್ದರೆ ಎಷ್ಟು ಬರುತ್ತಿತ್ತು ಎಂದು ನಾನು ಕೇಳಿದ್ದಕ್ಕೆ, "ಹಾಕಿದ್ರ ನನಗದು ಕಾಣ್ತಿರಲಿಲ್ಲ" ಅಂದರು.

ವಾಪಸು ರೈಲಿನಲ್ಲಿ ರೊಟ್ಟಿ ತಿನ್ನುತ್ತ, ಪೆಟ್ಟು ತಿಂದ ಕುದುರೆಯನ್ನು ಮತ್ತೆ ಓಟಕ್ಕೆ ಹೇಗೆ ತರುತ್ತಾರೆ ಎಂದು ಹೇಳಿದರು. ಒಂಟಿಯಾಗಿ ಬಿಟ್ಟರೆ ಅದು ಓಡುವುದಿಲ್ಲವಂತೆ, ಹೆದರುತ್ತದೆ. ಅದಕ್ಕೆ ಬೆಳಗಿನ ತಾಲೀಮಿನಲ್ಲಿ ಇನ್ನೊಂದು ಕುದುರೆಯನ್ನು ಜೋಡಿ ಮಾಡಿ, ಅರ್ಧ ಹೆಜ್ಜೆ ಮುಂದೆ ಬಿಡುತ್ತಾರೆ. ಅದನ್ನು ನೋಡಿ ಇದಕ್ಕೆ ಧೈರ್ಯ ಬರುತ್ತದೆ. ಗಡಿಯಾರ ಹಿಡಿದವರ ಕಣ್ಣೆಲ್ಲ ಪೆಟ್ಟಿನ ಕುದುರೆಯ ಮೇಲೇ.

"ಮತ್ತ ಆ ಜೋಡಿ ಕುದುರೆ? ಅದನ್ನ ಯಾರು ನೋಡ್ತಾರ್ರಿ?"

"ಅದನ್ನ ಯಾರು ನೋಡ್ತಾರ ಬೇಟಿ," ಎಂದು ಚಾಚಾ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡರು. "ಅದೇನು ರೇಸಿನಾಗ ಓಡಂಗಿಲ್ಲಲ್ಲ."

ಎರಡು ವರ್ಷದ ಹಿಂದೆ ಚಾಚಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈ ಕಾಲು ಸತ್ತಂತಾದವು. ಮಾತು ಮೆಲ್ಲಗೆ ವಾಪಸು ಬಂತು, ಕಾಲು ಬರಲಿಲ್ಲ. ವಯಸ್ಸು ಆಗಿದೆ, ಎದ್ದು ಕೂತರೆ ಅದೇ ದೊಡ್ಡದು ಎಂದು ಡಾಕ್ಟರು ಹೇಳಿ ಕಳಿಸಿದರು. ಮಕ್ಕಳಿಲ್ಲದ ಮನೆ. ಅಕ್ಕನನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಕಮಲಾಪುರದ ತಮ್ಮಂದಿರು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಚಾಚಿ ಎಡಗೈಯಿಂದ ಮಂಚದ ಪಟ್ಟಿ ಗಟ್ಟಿ ಹಿಡಿದುಕೊಂಡರು.

"ಎತ್ಕೊಂಡು ಒಯ್ದ್ರ ಬರಂಗಿಲ್ಲ ನಾ. ಆ ಮನಿಯಿಂದ ನಡಕೋತ ಬಂದೀನಿ, ನಡಕೋತೇ ಹೋಗ್ತೀನಿ."

ತಮ್ಮಂದಿರು ಮುಖ ಮುಖ ನೋಡಿಕೊಂಡರು. ಕಮಲಾಪುರದ ಆ ಹಳೇ ಮನೆಗೆ ಗೇಣೆತ್ತರದ ಕಲ್ಲಿನ ಹೊಸ್ತಿಲು. ನೆಲದ ಮೇಲೇ ಇಡಲಾಗದ ಕಾಲು ಅದನ್ನು ದಾಟುವುದು ಉಂಟೇ? ಆಮೇಲೆ ಬರುತ್ತೇವೆ ಎಂದು ಅವರು ಹೊರಟ ಮೇಲೆ ಚಾಚಾ ಬಹಳ ಹೊತ್ತು ಚಾಚಿಯ ಬಲಗಾಲನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮೇಲೆ ಬಂದು ನನ್ನ ಬಾಗಿಲು ಬಡಿದರು. "ಕಾಲಿನ ಹೆಬ್ಬೆಟ್ಟು ಅಲುಗ್ತದ ಬೇಟಿ. ಡಾಕ್ಟರು ನೋಡಿಲ್ಲ. ನಾ ನೋಡೀನಿ" ಅಂದರು. ಹೈದರಾಬಾದಿನಲ್ಲಿ ಕಂದು ಕುದುರೆ ತೋರಿಸುವಾಗ ಇದ್ದ ದನಿ ಅದು.

ಅಲ್ಲಿಂದ ಶುರುವಾಯಿತು ಅಂಗಳದ ತಾಲೀಮು. ನಸುಕಿನ ಫಜರ್ ನಮಾಜು ಮುಗಿಸಿ ಬಂದು ಚಾಚಾ ತಮ್ಮ ಕಪ್ಪು ಬೂಟಿನ ಲೇಸು ಬಿಗಿದು ಕಟ್ಟುತ್ತಿದ್ದರು. ಮನೆಯ ಅಂಗಳಕ್ಕೂ ಬೂಟೇ. ಸಡಿಲ ಚಪ್ಪಲಿಯಲ್ಲಿ ನಡೆದರೆ ನಡಿಗೆ ಕೆಡುತ್ತದೆ ಎಂದು ಅವರ ವಾದ. ಮೊದಮೊದಲು ಚಾಚಿಯನ್ನು ತೋಳಲ್ಲಿ ಹಿಡಿದು ನಿಲ್ಲಿಸಿದರು. ನಿಲ್ಲಲು ಬಂದ ಮೇಲೆ ಕೈ ಬಿಟ್ಟರು. ಚಾಚಿಯ ಬಲಗಡೆ, ಅರ್ಧ ಹೆಜ್ಜೆ ಮುಂದೆ, ಮುಟ್ಟದೆ ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಅವರು ನಡೆಯುತ್ತಿದ್ದರು. ಅಂಗಳಕ್ಕೆ ಹಾಸಿದ ಶಹಾಬಾದಿ ಪರಸಿಯ ಒಂದೊಂದು ಕಲ್ಲೂ ಒಂದೊಂದು ದಿನದ ಗುರಿ. ಚಾಚಿಯ ಕಾಲು ಎಳೆಯುತ್ತ ಬರುವ ಸಪ್ಪಳ, ಅದರ ಪಕ್ಕಕ್ಕೆ ಬೂಟಿನ ಸಪ್ಪಳ. ನನಗೂ ಅವ್ವನಿಗೂ ಅದೇ ಬೆಳಗಿನ ಗಂಟೆಯಾಗಿ ಹೋಯಿತು.

"ಜೀವಮಾನ ಎಲ್ಲಾ ಕುದುರಿ ಕಾಲು ನೋಡಿದ್ರು. ನನ್ನ ಕಾಲು ನೋಡ್ಲಿಕ್ಕ ಲಕ್ವಾ ಹೊಡೀಬೇಕಾಯ್ತು ನೋಡು," ಎಂದು ಚಾಚಿ ಏದುಸಿರಿನಲ್ಲೂ ಚುಚ್ಚುತ್ತಿದ್ದರು.

"ಮಾತು ಕಮ್ಮಿ, ಹೆಜ್ಜಿ ಜಾಸ್ತಿ," ಅನ್ನುತ್ತಿದ್ದರು ಚಾಚಾ.

ಅಂಗಳ ದಾಟುವಷ್ಟಾದಾಗ ದಾರಿಗೆ ಅಡ್ಡ ಒಂದು ಇಟ್ಟಂಗಿ ಮಲಗಿಸಿದರು. ಅದನ್ನು ದಾಟಿದ ಮೇಲೆ ಇಟ್ಟಂಗಿಯನ್ನು ಮಗ್ಗುಲಾಗಿ ನಿಲ್ಲಿಸಿದರು. ಅದರ ಮೇಲೆ ಇನ್ನೊಂದು ಇಡಬೇಕು, ಆಗ ಕಮಲಾಪುರದ ಹೊಸ್ತಿಲಿನ ಎತ್ತರ. ಓಣಿಯವರು ಗೇಟಿನಿಂದ ನೋಡಿ, ಮುದುಕನಿಗೆ ಹುಚ್ಚು ಅಂದರು. ಕಾಲಿನ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಮಾತ್ರ ಬೆರಗಾಗಿ, ನಡಿಗೆಯ ವಿಡಿಯೋ ಮಾಡಿ ಕಳಿಸಿರಿ ಎಂದಳು. ಆ ಕೆಲಸ ನನ್ನದಾಯಿತು. ರಜೆಯ ದಿನ ಮೆಟ್ಟಿಲ ಮೇಲೆ ಕೂತು ಫೋನು ಹಿಡಿಯುತ್ತಿದ್ದೆ. "ಆಕಿ ಕಾಲು ಹಿಡಿ, ಕಾಲು ಹಿಡಿ" ಎಂದು ಚಾಚಾ ಕೆಳಗಿನಿಂದ ಕೂಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಒಂದು ದಿನ ಚಾಚಾ ಬೂಟು ಬಿಟ್ಟು ಚಪ್ಪಲಿಯಲ್ಲಿದ್ದರು. "ಏನ್ರಿ ಚಾಚಾ, ನಡಗಿ ಕೆಡಂಗಿಲ್ಲೇನು?" ಎಂದು ಚೇಷ್ಟೆ ಮಾಡಿದೆ. "ಬಿಸಲು ಭಾಳ ಅದ, ಕಾಲಿಗೆ ಗಾಳಿ ಆಡ್ಲಿ" ಅಂದರು. ಕಲಬುರಗಿಯ ಮೇ ತಿಂಗಳಲ್ಲಿ ಆ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ? ಅಷ್ಟರಲ್ಲಿ ಚಾಚಿ ಇಟ್ಟಂಗಿಯ ಮೇಲೆ ಕಾಲೆತ್ತಿದ್ದರು. ಬಲಗಾಲು ಗಾಳಿಯಲ್ಲಿ ಒಂದು ಗಳಿಗೆ ನಿಂತು, ನಡುಗಿ, ಆಚೆ ಇಳಿಯಿತು. ಎಲ್ಲರ ಕಣ್ಣೂ ಅತ್ತ ಹೋಯಿತು.

ಎರಡನೇ ಇಟ್ಟಂಗಿ ಇಟ್ಟ ಮೇಲೆ ಚಾಚಿ ತಡೆದು ನಿಲ್ಲಲು ಶುರು ಮಾಡಿದರು. ಬರುತ್ತಿದ್ದರು, ಇಟ್ಟಂಗಿಯ ಮುಂದೆ ನಿಲ್ಲುತ್ತಿದ್ದರು, ಕಾಲು ಏಳುತ್ತಿರಲಿಲ್ಲ. "ಇನ್ನೂ ನೆಲಕ್ಕ ಕೇಳಾಕತ್ತಾಳ" ಎಂದು ಚಾಚಾ ನನಗೆ ಮೆಲ್ಲಗೆ ಹೇಳಿದರು. "ಕೇಳೂದು ಬಿಟ್ಟ ದಿನ ದಾಟ್ತಾಳ. ನೀ ನೋಡ್ತಿರು."

ಆ ದಿನ ಬೆಳಿಗ್ಗೆ ನಾನು ಚಹಾಕ್ಕೆ ನೀರಿಟ್ಟಿದ್ದೆ. ಕೆಳಗೆ ಹೆಜ್ಜೆ ಸಪ್ಪಳ ಕೇಳಿತು. ಕಾಲು ಎಳೆಯುವ ಸಪ್ಪಳ ಒಂದೇ. ಪಕ್ಕದಲ್ಲಿ ಇನ್ನೊಂದಿಲ್ಲ. ಚಾಚಿ ಒಬ್ಬರೇ ನಡೆಯುತ್ತಿದ್ದಾರೆ! ಒಲೆ ಆರಿಸುವುದನ್ನೂ ಮರೆತು, ಫೋನು ಹಿಡಿದು, ವಿಡಿಯೋ ಶುರು ಮಾಡಿಕೊಂಡೇ ಹೊರಗೆ ಓಡಿಬಂದೆ. ಚಾಚಿ ಆಗಲೇ ಮೆಟ್ಟಿಲ ಬುಡಕ್ಕೆ ಬಂದು ಗೋಡೆ ಹಿಡಿದು ನಿಂತಿದ್ದರು. ಎರಡೂ ಇಟ್ಟಂಗಿ ಅವರ ಹಿಂದೆ ಇದ್ದವು, ಒಂದರ ಮೇಲೊಂದು, ಅಲುಗದೆ.

"ಚಾಚೀ! ದಾಟಿಬಿಟ್ರಿ! ಒಬ್ಬರೇ!" ಎಂದು ನಾನು ಕೂಗಿದೆ.

ಚಾಚಿ ತಲೆ ಎತ್ತಿ ನೋಡಿದರು. "ನಿಮ್ಮ ಚಾಚಾ ಏಳವಲ್ರು ಬೇಟಿ," ಅಂದರು.

ನಮಾಜಿನಿಂದ ಬಂದವರು, ಇವತ್ತು ಸ್ವಲ್ಪ ಮೈ ಚೆಲ್ಲಿ ಆಮೇಲೆ ನಡೆಯೋಣ ಎಂದು ಮಲಗಿದ್ದರಂತೆ. ಚಾಚಿ ಕುರ್ಚಿಯಲ್ಲಿ ಕಾದರು, ಕರೆದರು, ಮತ್ತೆ ಕರೆದರು. ಆಮೇಲೆ ಎದ್ದರು. ನಾನು ಒಳಗೆ ಹೋದಾಗ ಚಾಚಾರ ಮುಖ ಗೋಡೆಯ ಕಡೆ ಇತ್ತು, ಕುತ್ತಿಗೆಯ ಬಿಳಿ ಗೆರೆ ನನ್ನ ಕಡೆ. ಹೃದಯ ನಿಂತುಹೋಗಿ ಸ್ವಲ್ಪ ಹೊತ್ತಾಗಿದೆ ಎಂದು ಡಾಕ್ಟರು ಹೇಳಿದರು. ಹೊದಿಕೆ ಸರಿಸಿದಾಗ ಎರಡೂ ಪಾದ ಬಾತು ಹೊಳೆಯುತ್ತಿದ್ದವು. ಬೂಟು ಹಿಡಿಯದಷ್ಟು. ಹೃದಯ ಬಹಳ ದಿನದಿಂದ ಸೋಲುತ್ತ ಬಂದವರಿಗೆ ಹೀಗಾಗುತ್ತದಂತೆ.

ಆ ಪಾದಗಳನ್ನು ನೋಡಿದ ಮೇಲೆ ನನಗೆ ಅಳು ಬಂದದ್ದು ದುಃಖಕ್ಕಿಂತ ಸಿಟ್ಟಿನಿಂದ. ಊರ ಮಂದಿಯ ಕಾಲೆಲ್ಲ ಓದಿದ ಮನುಷ್ಯ! ಯಾವ ಕುದುರೆ ಯಾವ ಕಾಲಿನ ಮೇಲೆ ಭಾರ ಬಿಡುತ್ತಿಲ್ಲ ಎಂದು ದೂರದಿಂದ ಹೇಳುತ್ತಿದ್ದವರು ತಮ್ಮದೇ ಪಾದವನ್ನು ಚಪ್ಪಲಿಗೆ ತುರುಕಿ, ಬಿಸಿಲು ಅಂದುಬಿಟ್ಟರಲ್ಲ.

ಚಾಚಿ ಇದ್ದತ್ ಕೂತರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆ ಬಿಟ್ಟು ಹೊರಡುವಂತಿಲ್ಲ. ಹೊಸ್ತಿಲು ದಾಟಲೆಂದೇ ಅಷ್ಟೆಲ್ಲ ಮಾಡಿದ ಕಾಲು, ದಾಟಲು ಬಂದ ಮೇಲೆ ಒಳಗೇ ಉಳಿಯಿತು. ಹಾಗೆಂದು ಚಾಚಿ ನಡೆಯುವುದನ್ನು ಬಿಡಲಿಲ್ಲ. ಬೆಳಗಾದರೆ ಅಂಗಳದಲ್ಲಿ ಅವರ ಒಂಟಿ ಸಪ್ಪಳ. ನನಗೆ ಅದನ್ನು ಕೇಳಲಾಗದೆ ನಲ್ಲಿ ಜೋರಾಗಿ ಬಿಡುತ್ತಿದ್ದೆ.

ಒಂದು ಸಂಜೆ ಅವರೇ ಕರೆದು, ತಾಲೀಮಿನ ಹಳೇ ವಿಡಿಯೋಗಳನ್ನು ತೋರಿಸು ಅಂದರು. ತಮ್ಮ ನಡಿಗೆ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಚಾಚಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು. ಪರದೆಯ ಅಂಚಿನಲ್ಲಿ, ಅರ್ಧ ಕಂಡೂ ಕಾಣದಂತೆ, ಇನ್ನೆರಡು ಕಾಲು ಇದ್ದವು. ಅವರು ಅದನ್ನಷ್ಟೇ ನೋಡುತ್ತಿದ್ದರು.

"ಇಲ್ಲಿ ನೋಡು, ಹೆಜ್ಜಿ ದೊಡ್ಡದದ. ಇಲ್ಲಿ ಸಣ್ಣದಾತು. ಇಲ್ಲಿ ನಿಂತ್ರು, ನನ್ನ ಸಲುವಾಗಿ ನಿಂತಾರಂತ ತಿಳದಿದ್ದೆ. ಉಸಿರು ತಗೊಳ್ಳಾಕ ನಿಂತಾರ." ಫೋನು ಮಡಿಲಿಗಿಳಿಸಿ ಅಂದರು, "ನೀವೆಲ್ಲಾ ನನ್ನ ನೋಡಿದ್ರಿ. ನಾನೂ ನನ್ನ ಕಾಲೇ ನೋಡಿದೆ."

ನನಗೆ ರೈಲು, ರೊಟ್ಟಿಯ ಗಂಟು, ಜೋಡಿ ಕುದುರೆ ನೆನಪಾದವು. ಚಾಚಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಇದ್ದತ್ ಮುಗಿದ ಮೇಲೆ ತಮ್ಮಂದಿರು ಮತ್ತೆ ಕಾರು ತಂದರು. ನನ್ನನ್ನೂ ಕರೆದುಕೊಂಡು ಹೋದರು. ಕಮಲಾಪುರದ ಮನೆಯ ಮುಂದೆ ಹೆಂಗಸರು, ಮಕ್ಕಳು ಎಲ್ಲ ನಿಂತಿದ್ದರು. ತಮ್ಮನೊಬ್ಬ ತೋಳು ಚಾಚಿದ. ಚಾಚಿ ಬೇಡ ಎಂದು ತಲೆಯಾಡಿಸಿ ತಾವೇ ನಡೆದರು. ಹೊಸ್ತಿಲ ಮುಂದೆ ಬಂದು ನಿಂತರು. ಒಂದು ಸಲ ತಮ್ಮ ಬಲಗಡೆ, ಅರ್ಧ ಹೆಜ್ಜೆ ಮುಂದಿನ ಖಾಲಿ ಜಾಗವನ್ನು ನೋಡಿದರು. ನಾನು ಅಲ್ಲಿ ಹೋಗಿ ನಿಲ್ಲಲೇ ಎಂದು ಒಂದು ಹೆಜ್ಜೆ ಇಟ್ಟವಳು ಹಾಗೇ ನಿಂತೆ. ಆ ಜಾಗ ನನ್ನದಲ್ಲ. ಚಾಚಿಯ ಬಲಗಾಲು ಮೇಲೆದ್ದಿತು, ಎಲ್ಲೂ ತಡೆಯದೆ ಕಲ್ಲು ದಾಟಿತು. ನೆಲವನ್ನು ಏನೂ ಕೇಳಲಿಲ್ಲ.

ಮಕ್ಕಳು ಚಪ್ಪಾಳೆ ಹೊಡೆದರು. ಒಳಗೆ ಮಂಚದ ಮೇಲೆ ಕೂರಿಸಿ, ತೋಟದ ಕೆಂಪು ಬಾಳೆಯ ಚಿಪ್ಪು ತಂದು ಮುಂದಿಟ್ಟರು. ಎಲ್ಲರೂ ಅತ್ತಿತ್ತ ಹೋದ ಮೇಲೆ ಚಾಚಿ ಒಂದು ಹಣ್ಣು ಸುಲಿಯಲು ಹೋಗಿ, ಸುಲಿಯದೆ ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಪಕ್ಕದಲ್ಲಿ ಕೂತೆ.

"ನಿಮ್ಮ ಚಾಚಾ ಕಸಮ್ ಮುರದ್ರು ಬೇಟಿ," ಅಂದರು. "ಇದ್ದದ್ದೆಲ್ಲಾ ನನ್ನ ಮ್ಯಾಲ ಹಾಕಿಬಿಟ್ರು."